ಮಳೆಯಲ್ಲಿ ನೆನೆದರೆ ನಾಯಿಗೆ ಇಲಿಜ್ವರ ಬರುತ್ತದೆಯೇ? ಸ್ಪಷ್ಟನೆ

‘ಮಳೆಯಲ್ಲಿ ನೆನೆದ ನಾಯಿಗೆ ಇಲಿಜ್ವರ ಖಚಿತ, ಮಳೆಗಾಲ ಮುಗಿಯುವತನಕ ಹೊರಗೆ ಬಿಡಬೇಡಿ’ ಎಂಬ ಸಂದೇಶ ಹುಬ್ಬಳ್ಳಿ-ಧಾರವಾಡದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ರೋಗಾಣು ಇರುವುದು ಮಳೆಹನಿಯಲ್ಲಲ್ಲ, ಇಲಿ-ಹೆಗ್ಗಣಗಳ ಮೂತ್ರ ಸೇರಿದ ನಿಂತ ನೀರು ಮತ್ತು ಕೆಸರಿನಲ್ಲಿ. ಆ ನೀರು ಕುಡಿದರೆ, ಕಾಲಿನ ಗಾಯಕ್ಕೆ ತಾಗಿದರೆ ಅಪಾಯ. ಇದಕ್ಕೆ ವರ್ಷಕ್ಕೊಮ್ಮೆ ಲಸಿಕೆ ಹಾಕಿಸಿ.

ತಿಂಗಳುಗಟ್ಟಲೆ ಕಟ್ಟಿಹಾಕುವುದು ನಾಯಿಗೆ ಹಿಂಸೆ. ಮಳೆ ಬಿಡುವು ಕೊಟ್ಟಾಗ 15 ನಿಮಿಷ ಡಾಂಬರು ರಸ್ತೆಯಲ್ಲಿ, ಹಗ್ಗ ಗಿಡ್ಡ ಹಿಡಿದು ನಡೆಸಿ. ಗಟಾರ, ಲೈಟ್ ಕಂಬಗಳಿಂದ ದೂರವಿರಲಿ. ಗುಡುಗಿದರೆ ಮನೆಗೆ ಮರಳಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ. ಬಂದ ಕೂಡಲೇ ಉಗುರುಬೆಚ್ಚನೆಯ ನೀರಿನಲ್ಲಿ ಪಾದ ತೊಳೆದು, ಬೆರಳ ಸಂದಿಯನ್ನು ಪೂರ್ತಿ ಒರೆಸಿ. ನಮ್ಮ ಎರೆಮಣ್ಣು ಅಲ್ಲೇ ಒಣಗಿದರೆ ಕಲ್ಲಾಗಿ ಚರ್ಮ ಕೊರೆಯುತ್ತದೆ.