ತುಂಡೂ ಅಲ್ಲ, ತುಂತುರೂ ಅಲ್ಲ

ಶಾಲೆಯ ಭೂಗೋಳ ಪುಸ್ತಕದಲ್ಲಿ 'ತುಂಡ್ರಾ' ಎಂಬ ಪದ ಮೊದಲ ಸಲ ಕಂಡಾಗ ಅದು ಕನ್ನಡದ್ದೇ ಅನಿಸಿತ್ತು. ತುಂಡು, ತುಂಡರಿಸು, ತುಂಡ್ರಾ. ಯಾರೋ ಮರಗಳನ್ನೆಲ್ಲ ತುಂಡು ಮಾಡಿ ಹೋದ ನೆಲ. ಅರ್ಥವೂ ಸರಿಯಾಗಿಯೇ ಕೂರುತ್ತಿತ್ತು, ಅಲ್ವಾ? ಪರೀಕ್ಷೆಯಲ್ಲಿ 'ಮರಗಳಿಲ್ಲದ ಹಿಮಪ್ರದೇಶ' ಎಂದು ಬರೆದು ಕೈತೊಳೆದುಕೊಂಡೆ.

ಇದು ರಷ್ಯನ್ ಮಾತು ಅಂತ ಆಮೇಲೆ ಗೊತ್ತಾಯಿತು. 'ಟಂಡ್ರಾ' ಎಂದೂ ಬರೆಯುತ್ತಾರೆ, ಆದರೆ ರಷ್ಯನ್ನರ ಬಾಯಿಗೆ ತುಂಡ್ರಾವೇ ಹತ್ತಿರ. ಹಾಗಂತ ಅವರಿಗೂ ಇದು ಸ್ವಂತದ್ದಲ್ಲ. ರಷ್ಯಾದ ವಾಯವ್ಯ ತುದಿಯ ಕೋಲಾ ಪರ್ಯಾಯದ್ವೀಪದಲ್ಲಿರುವ ಸಾಮಿ ಎಂಬ ಮೂಲನಿವಾಸಿ ಜನರಿಂದ ಬಂದ ಪದ. ಅವರ ಮಾತಿನಲ್ಲಿ ಅದು ಮರವಿಲ್ಲದ ಎತ್ತರದ ನೆಲ, ಅಷ್ಟೇ. ಹಿಮದ ಸುದ್ದಿಯೇ ಇಲ್ಲ! ಫಿನ್ನಿಷ್ ಭಾಷೆಯಲ್ಲಿ ಇದರ ನೆಂಟ ಪದ 'ತುಂತುರಿ', ಅಂದರೆ ಬೋಳು ನೆತ್ತಿಯ ಬೆಟ್ಟ. ನನ್ನ ಕಿವಿ ಸುಮ್ನಿರಬೇಕಲ್ಲ, ತಕ್ಷಣ ತುಂತುರು ಮಳೆಗೆ ಜಿಗಿಯಿತು.

ಮಳೆಯ ಲೆಕ್ಕಕ್ಕೆ ತುಂತುರು ಅಂದರೂ ತಪ್ಪಾಗದು. ಆರ್ಕ್ಟಿಕ್ ತುಂಡ್ರಾದ ಬಹಳ ಕಡೆ ಮಳೆ, ಹಿಮ ಎಲ್ಲ ಸೇರಿದರೂ ವರ್ಷಕ್ಕೆ 150ರಿಂದ 250 ಮಿಲಿಮೀಟರ್. ಮರುಭೂಮಿಯ ಪಾಲು. ಆದರೂ ಬೇಸಿಗೆಯಲ್ಲಿ ಕಾಲಿಟ್ಟರೆ ಪಚಕ್ ಎನ್ನುತ್ತದೆ. ಕೆಳಗಿನ ನೆಲ ವರ್ಷವಿಡೀ ಹೆಪ್ಪುಗಟ್ಟಿಯೇ ಇರುತ್ತದೆ. ಮೇಲಿನ ಒಂದಿಷ್ಟು ಮಣ್ಣು ಮಾತ್ರ ಕರಗುತ್ತದೆ. ನೀರಿಗೆ ಇಂಗಲು ದಾರಿಯಿಲ್ಲ, ಅಲ್ಲೇ ನಿಲ್ಲುತ್ತದೆ. ಸೊಳ್ಳೆಗಳಿಗೆ ಹಬ್ಬ.

ಇನ್ನು ಆ 'ಮರವಿಲ್ಲದ' ಎಂಬ ಮಾತು. ಅಲ್ಲೊಂದು ಕುಳ್ಳ ವಿಲೋ ಇದೆ. ಎತ್ತರ 1ರಿಂದ 6 ಸೆಂಟಿಮೀಟರ್. ಬಾಗಿ ಹುಡುಕದಿದ್ದರೆ ಪಾಚಿ ಅಂದುಕೊಂಡು ತುಳಿದು ಹೋಗುತ್ತೀರಿ. ಕಾಂಡ, ಕೊಂಬೆ ಎಲ್ಲ ಮಣ್ಣಿನೊಳಗೇ ಹರಡಿರುತ್ತವೆ. ಹೊರಗೆ ಕಾಣುವುದು ಹೆಬ್ಬೆರಳಿನ ಉಗುರಿನಷ್ಟು ದುಂಡನೆಯ, ಮಿರಮಿರ ಹೊಳೆಯುವ ಎರಡು ಮೂರು ಎಲೆ. ನದೀತೀರದ ದೊಡ್ಡ ವಿಲೋ ಮರದ ಮನೆತನದ್ದೇ ಇದು. ಬೀಸುವ ಗಾಳಿಗೆ ತಲೆಯೆತ್ತಿ ನಿಲ್ಲುವ ಹಟವಿಲ್ಲ. ಮಲಗಿಬಿಟ್ಟಿದೆ.

ಹಾಗಾಗಿ ತುಂಡ್ರಾವನ್ನು 'ಬರಡು ಭೂಮಿ' ಎಂದು ಯಾರಾದರೂ ಬರೆದರೆ ನನಗೆ ಸ್ವಲ್ಪ ಜಾಸ್ತಿಯೇ ಸಿಟ್ಟು ಬರುತ್ತದೆ. ಬೋಳು ಅನ್ನಿ, ಒಪ್ಪುತ್ತೇನೆ. ತಲೆ ಬೋಳಾದವರನ್ನು ಬರಡುತಲೆ ಅಂತೀವಾ?

ರಷ್ಯನ್ನರ ಆಡುಮಾತು ಇನ್ನೂ ಒಂದು ಹೆಜ್ಜೆ ಮುಂದೆ. ಏನೂ ತಿಳಿಯದ ಪೆದ್ದನಿಗೆ 'ಅಯ್ಯೋ ತುಂಡ್ರಾ!' ಎಂದು ಬೈಯುತ್ತಾರೆ. ಆ ಪುಟ್ಟ ವಿಲೋ ಪರವಾಗಿ ಜಗಳಕ್ಕೆ ನಿಲ್ಲೋಣ ಅಂದುಕೊಂಡೆ. ಅಷ್ಟರಲ್ಲಿ ತುಂಡು, ತುಂಡರಿಸು ಎಂದು ಲೆಕ್ಕ ಹಾಕುತ್ತಾ ಕೂತಿದ್ದ ಹುಡುಗ ನೆನಪಾದ. ಸುಮ್ಮನಾದೆ.