ಕುಳಿತವರು ಏಳಬೇಕಲ್ಲ

ನಮ್ಮ ಊಟದ ಕೋಣೆಯನ್ನು ನಾನು ಒಂದಲ್ಲ, ಮೂರು ಬಾರಿ ಅಳೆದಿದ್ದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ಓದಿದವರು ನಾನು ಟೇಪನ್ನೇ ಮುಟ್ಟದೆ ಅಂಗಡಿಗೆ ಹೋದವನೆಂದು ತಿಳಿಯುವ ಸಂಭವವಿದೆ. ಕೋಣೆಯ ಉದ್ದ 11 ಅಡಿ, ಅಗಲ 9 ಅಡಿ. ನಾವು ಮೆಚ್ಚಿದ್ದ ಆರು ಜನರ ಡೈನಿಂಗ್ ಟೇಬಲ್ಲಿನ ಉದ್ದ 6 ಅಡಿ, ಅಗಲ ಮೂರೂವರೆ ಅಡಿ. ಉದ್ದದಲ್ಲಿ 5 ಅಡಿ, ಅಗಲದಲ್ಲಿ ಐದೂವರೆ ಅಡಿ ಉಳಿಯುತ್ತದೆಂದು ಲೆಕ್ಕ ಬಂದಾಗ, ಇಷ್ಟು ಜಾಗವಿರುವಾಗ ಎಂಟು ಜನರದ್ದನ್ನೇ ಏಕೆ ತರಬಾರದು ಎಂಬ ಆಲೋಚನೆಯೂ ಸುಳಿದುಹೋಯಿತು. ಹಾಗೆ ಮಾಡದಿದ್ದುದು ನನ್ನ ವಿವೇಕವೆಂದು ಮನೆಯಲ್ಲಿ ಆಗಾಗ ಹೇಳುತ್ತಿರುತ್ತೇನೆ. ಒಪ್ಪಿದವರು ಇದುವರೆಗೆ ಯಾರೂ ಇಲ್ಲ.

“ರೀ, ಕುರ್ಚಿಗಳ ಲೆಕ್ಕ ಹಾಕಿದಿರಾ?” ಎಂದು ನನ್ನಾಕೆ ಕೇಳಿದ್ದುಂಟು. “ಆರು” ಎಂದೆ. ಅವಳು ಕೇಳಿದ್ದು ಕುರ್ಚಿಗಳ ಸಂಖ್ಯೆಯನ್ನಲ್ಲ, ಅವು ಹಿಡಿಯುವ ಜಾಗವನ್ನು ಎಂಬುದು ಹೊಳೆಯಲು ನನಗೆ ಒಂದು ವಾರ ಬೇಕಾಯಿತು.

ಅಂಗಡಿಯಲ್ಲಿ ನೋಡಿದ ಮೇಜಿಗೂ ಮನೆಗೆ ಬಂದ ಮೇಜಿಗೂ ಸಂಬಂಧವೇ ಇರಲಿಲ್ಲ. ಎತ್ತರದ ಚಾವಣಿಯ ಕೆಳಗೆ, ನಾಲ್ಕೂ ಕಡೆ ಗೋಡೆಯೆಂಬುದೇ ಇಲ್ಲದ ಬಯಲಿನಲ್ಲಿ, ಅದು ಸಂಕೋಚದಿಂದ ಮೈ ಮುದುಡಿಕೊಂಡಂತೆ ನಿಂತಿತ್ತು. ನಮ್ಮ ಕೋಣೆಯೊಳಗೆ ಬಂದು ಕಾಲು ಜೋಡಿಸಿದೊಡನೆ ಮನೆಯ ಯಜಮಾನನಂತೆ ವಿಸ್ತರಿಸಿಕೊಂಡಿತು. ಬಾಗಿಲಲ್ಲಿ ಹಲಗೆಯನ್ನು ಅಡ್ಡ ಮಗ್ಗುಲಿಗೆ ತಿರುಗಿಸಿ ಒಳತಂದ ಇಬ್ಬರು ಕೆಲಸಗಾರರು ಹೊರಡುವ ಮುನ್ನ ಒಬ್ಬರನ್ನೊಬ್ಬರು ನೋಡಿಕೊಂಡರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ನಾನು ಗೋಡೆಯಿಂದ ಗೋಡೆಗೆ ಅಳೆದಿದ್ದೆನೇ ಹೊರತು, ಆ ಗೋಡೆಗೆ ಒರಗಿ ವರ್ಷಗಳಿಂದ ನಿಂತಿದ್ದ ಒಂದೂವರೆ ಅಡಿ ಆಳದ ಪಾತ್ರೆ ಕಪಾಟನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ದಿನವೂ ಕಣ್ಣೆದುರಿಗಿರುವ ವಸ್ತು ಟೇಪು ಹಿಡಿದಾಗ ಕಾಣುವುದಿಲ್ಲ. ಅದನ್ನು ಕಳೆದರೆ 9 ಅಡಿ ಅಗಲದಲ್ಲಿ ಏಳೂವರೆ, ಮೇಜನ್ನೂ ಕಳೆದರೆ 4, ಅಂದರೆ ಒಂದೊಂದು ಬದಿಗೆ ಎರಡೇ ಅಡಿ. ಮನುಷ್ಯ ಕುಳಿತಾಗ ಕುರ್ಚಿಯ ಬೆನ್ನು ಮೇಜಿನ ಅಂಚಿನಿಂದ ಸುಮಾರು ಒಂದೂವರೆ ಅಡಿ ಹಿಂದಿರುತ್ತದೆ; ಆದ್ದರಿಂದ ಕುಳಿತಿರುವಷ್ಟು ಹೊತ್ತು ತೊಂದರೆಯೇನೂ ಇಲ್ಲ. ತೊಂದರೆಯೆಲ್ಲ ಏಳುವುದರಲ್ಲಿದೆ. ಕುರ್ಚಿಯನ್ನು ಹಿಂದಕ್ಕೆ ಸರಿಸಿ ಸುಖವಾಗಿ ಏಳಲು ಅಂಚಿನಿಂದ ಗೋಡೆಗೆ 3 ಅಡಿ ಬೇಕು, ಬೆನ್ನ ಹಿಂದೆ ಇನ್ನೊಬ್ಬರು ಓಡಾಡುವುದಾದರೆ ಮೂರೂವರೆಯಿಂದ 4 ಅಡಿ ಬೇಕು.

ಹೀಗಾಗಿ ನಮ್ಮ ಮನೆಯಲ್ಲಿ ಊಟಕ್ಕೆ ಕೂರುವುದಕ್ಕೊಂದು ಕ್ರಮ ಹುಟ್ಟಿಕೊಂಡಿತು. ಕಪಾಟಿನ ಬದಿಯ ಮೂಲೆಯವರು ಮೊದಲು ಅಡ್ಡಡ್ಡಲಾಗಿ ನುಸುಳಬೇಕು, ಅವರ ಹಿಂದೆಯೇ ಪಕ್ಕದವರು; ಏಳುವಾಗ ಇದೇ ಕ್ರಮ ತಿರುವುಮುರುವು. ಇದನ್ನೂ ಸಹಿಸಬಹುದಿತ್ತು. ಆದರೆ ತಟ್ಟೆ, ಲೋಟ, ಚಮಚಗಳಿದ್ದದ್ದು ಅದೇ ಕಪಾಟಿನೊಳಗೆ, ಮತ್ತು ಆ ಬದಿಯಲ್ಲಿ ಯಾರಾದರೂ ಕುಳಿತರೆ ಅದರ ಬಾಗಿಲು ನಾಲ್ಕು ಬೆರಳಿಗಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಒಂದು ಸಂಜೆ ಎಲ್ಲರೂ ಕುಳಿತು ಬಡಿಸಿಕೊಂಡ ಮೇಲೆ ಮಗಳು ತನಗೆ ಚಮಚವಿಲ್ಲವೆಂದಳು. ನಾನು ಕುಳಿತಲ್ಲಿಂದಲೇ ಕೈಯನ್ನು ಬೆನ್ನ ಹಿಂದಕ್ಕೆ ತಿರುಚಿ, ಆ ನಾಲ್ಕು ಬೆರಳಿನ ಸಂದಿಯೊಳಗೆ ಮೊಣಕೈವರೆಗೆ ತೂರಿಸಿ, ತಡಕಾಡಿ, ವಿಜಯೋತ್ಸಾಹದಿಂದ ಹೊರತೆಗೆದದ್ದು ಒಂದು ಸೋಸುವ ಜರಡಿ. ಕೈ ಮಾತ್ರ ಅಷ್ಟು ಸುಲಭವಾಗಿ ಹೊರಬರಲಿಲ್ಲ. ಅದನ್ನು ಬಿಡಿಸಲು ಮೂವರು ಕ್ರಮಪ್ರಕಾರ ಎದ್ದು ಹೊರಗೆ ಹೋಗಬೇಕಾಯಿತು.

ಆರು ಜನರ ಮೇಜು ನಿಜವಾಗಿ ಆರು ಜನರದ್ದೇ ಎಂಬುದೂ ವಿಚಾರಣೆಗೆ ಯೋಗ್ಯವಾದ ವಿಷಯ. ಒಬ್ಬರಿಗೆ ಅಂಚಿನಲ್ಲಿ 24 ಇಂಚು ಸಿಗಬೇಕೆಂಬ ಲೆಕ್ಕದಲ್ಲಿ 6 ಅಡಿಗೆ ಮೂವರು ಸರಿಯೇ. ಆದರೆ ನಮ್ಮ ಮೇಜಿನ ಕಾಲುಗಳು ತುದಿಯಿಂದ ಆರಾರು ಇಂಚು ಒಳಗಿದ್ದವು, ಅವುಗಳ ನಡುವೆ ಉಳಿದದ್ದು 5 ಅಡಿಗೂ ಕಡಿಮೆ. ಮೂರನೆಯವರು ಮೇಜಿನ ಕಾಲನ್ನು ತಮ್ಮೆರಡು ಕಾಲುಗಳ ನಡುವೆ ಇರಿಸಿಕೊಂಡು ಊಟ ಮಾಡಬೇಕು. ಸಾಲದ್ದಕ್ಕೆ ಆರರಲ್ಲಿ ಕೈಯಿರುವ ಎರಡು ಕುರ್ಚಿಗಳ ಕೈಗಳು ಹಲಗೆಯ ಕೆಳಗಿನ ಪಟ್ಟಿಗೆ ತಾಗಿ, ಕುರ್ಚಿ ಒಳಗೆ ಸರಿಯದೆ ದಾರಿಯಲ್ಲೇ ನಿಂತಿರುತ್ತಿತ್ತು. ಆಸನದಿಂದ ಮೇಜಿನ ಮೇಲ್ಮೈಗೆ 10ರಿಂದ 12 ಇಂಚು ಅಂತರವಿದ್ದರೆ ಸಾಕೆಂದು ಅಂಗಡಿಯವರು ಹೇಳಿದ್ದರು. ಕುರ್ಚಿಗೂ ಕೈಗಳಿರುತ್ತವೆ ಎಂಬುದನ್ನು ಅವರೂ ಹೇಳಲಿಲ್ಲ, ನಾನೂ ನೋಡಲಿಲ್ಲ. ಇಷ್ಟಕ್ಕೂ ಮನೆಯಲ್ಲಿರುವವರು ನಾಲ್ವರು. ವರ್ಷಕ್ಕೆರಡು ಸಲ ಬರುವ ಇಬ್ಬರಿಗಾಗಿ ನಾವು ಉಳಿದ ದಿನಗಳನ್ನೆಲ್ಲ ಅಡ್ಡಡ್ಡ ನಡೆದೇ ಕಳೆಯುತ್ತಿದ್ದೆವು.

ದುಂಡು ಮೇಜು ಮೇಲೆಂದು ನನ್ನಾಕೆ ಸೂಚಿಸಿದಳು. 4 ಅಡಿ ವ್ಯಾಸವೆಂದರೆ ಸುತ್ತಳತೆ ಸುಮಾರು 150 ಇಂಚು, 24ರಿಂದ ಭಾಗಿಸಿದರೆ ಆರು ಮಂದಿಯೆಂದು ನಾನು ಉತ್ಸಾಹದಿಂದ ಸಾಧಿಸಿ ತೋರಿಸಿದೆ. ಗಣಿತದ ಪ್ರಕಾರ ಅದು ಆರು ಮಂದಿಗೆ, ಮಂಡಿಗಳ ಪ್ರಕಾರ ನಾಲ್ಕು ಮಂದಿಗೆ. ಏಕೆಂದರೆ ಮೇಜಿನ ಕೆಳಗೆ ಎಲ್ಲರ ಮಂಡಿಗಳೂ ನಡುವಿನತ್ತಲೇ ಮುಖಮಾಡಿ ಸೇರುತ್ತವೆ. ಅದಲ್ಲದೆ ಅದನ್ನು ನಮ್ಮ ಕೋಣೆಯ ನಡುವೆ ಇಟ್ಟರೆ ಒಂದೊಂದು ಬದಿಗೆ ಎರಡು ಅಡಿಯೂ ಉಳಿಯುವುದಿಲ್ಲ. ಈ ಬಾರಿ ಕಪಾಟನ್ನು ಕಳೆಯಲು ನಾನು ಮರೆಯಲಿಲ್ಲ.

ಕೊನೆಗೆ ದೊಡ್ಡ ಮೇಜು ವಿಶಾಲವಾದ ಕೋಣೆಯಿರುವ ನನ್ನ ತಮ್ಮನ ಮನೆ ಸೇರಿತು. ನಾವು ಮತ್ತೆ ಅಂಗಡಿಗೆ ಓಡಲಿಲ್ಲ. 4 ಅಡಿ ಉದ್ದ, ಎರಡೂವರೆ ಅಡಿ ಅಗಲಕ್ಕೆ ಹಳೆಯ ಪತ್ರಿಕೆಗಳನ್ನು ಅಂಟಿಸಿ, ಒಂದು ಉದ್ದದ ಬದಿ ಕಪಾಟಿನ ಎದುರಿನ ಗೋಡೆಗೆ ತಾಗುವಂತೆ ನೆಲದ ಮೇಲೆ ಹಾಸಿದೆವು. ಎರಡು ತುದಿಗೆ ಇಬ್ಬರು, ಉಳಿದ ಬದಿಗೆ ಇಬ್ಬರು. ಅವರ ಬೆನ್ನಿಗೂ ಕಪಾಟಿಗೂ ನಡುವೆ ಜಾಗ ಧಾರಾಳ. ಕಾಗದದ ಸುತ್ತ ಕುರ್ಚಿಯಿಟ್ಟು, ಕುಳಿತು, ಎದ್ದು, ಕಪಾಟಿನ ಬಾಗಿಲನ್ನು ಪೂರ್ತಿ ತೆರೆದು ಚಮಚ ತೆಗೆಯುವ ಅಭ್ಯಾಸವನ್ನು ಒಂದು ವಾರ ನಡೆಸಿದೆವು. ಆ ವಾರದಲ್ಲೇ ಹೇಳದೆ ಬಂದ ಸೋದರಮಾವ ಕೋಣೆಯ ಬಾಗಿಲಲ್ಲಿ ಕ್ಷಣಕಾಲ ನಿಂತು, ನೆಲವನ್ನೊಮ್ಮೆ ನಮ್ಮನ್ನೊಮ್ಮೆ ನೋಡಿ, ಏನನ್ನೂ ಕೇಳದೆ ಪತ್ರಿಕೆಯ ಅಂಚನ್ನು ತುಳಿಯದಂತೆ ಸುತ್ತುಹಾಕಿಕೊಂಡು ಹೋಗಿ, ತುದಿಯ ಕುರ್ಚಿಯನ್ನು ಎಳೆದು ಕುಳಿತರು. ಎಲ್ಲಿಯೂ ತಗುಲಲಿಲ್ಲ. ನಾನು ಮೆಲ್ಲಗೆ ಟೇಪನ್ನು ತೆಗೆದು ಅವರ ಬೆನ್ನ ಹಿಂದಿನ ಜಾಗವನ್ನು ಅಳೆದುಕೊಂಡೆ.