ಹಿಂದ ನಿಂತು ಆಡೋವ್ನ ಲೆಕ್ಕ ಯಾರ್ ಬರೀತಾರ್ರಿ?

ಎಫ್‌ಸಿ ಗೋವಾದ ಫುಟ್‌ಬಾಲ್ ಮ್ಯಾಚ್ ಇದ್ದ ದಿನ ಘಾಟ್ ಇಳದು ಫತೋರ್ಡಾ ಸ್ಟೇಡಿಯಂಗೆ ಹೋಗೋ ದೋಸ್ತ್ರು ನಮ್ಮ ಬೆಳಗಾವ್ಯಾಗ ಭಾಳ ಮಂದಿ ಅದಾರ. ಹೋಗಿ ಬಂದ ಮ್ಯಾಲ ಚಹಾದ ಅಂಗಡಿ ಮುಂದ ಅದೇ ಮಾತು, ಯಾರು ಗೋಲ್ ಹೊಡದ್ರು, ಯಾರು ಓಪನ್ ಚಾನ್ಸ್ ಕಳದ್ರು, ರೆಫ್ರಿಗೆ ಕಣ್ಣು ಕಾಣ್ತಿತ್ತೋ ಇಲ್ಲೋ. ಡಿಫೆಂಡರ್ (ಹಿಂದ ನಿಂತು ಗೋಲ್ ತಡಿಯಾಂವ) ಸಂದೇಶ್ ಝಿಂಗನ್ ಹೆಂಗ ಆಡಿದಾ ಅಂತ ಕೇಳ್ರಿ, ‘ಆಡ್ದಾ ಬಿಡೋ, ಅಂವ ಹಿಂದ ಇದ್ದೇ ಇರ್ತಾನಲ್ಲ’ ಅಂತಾರ. ನನಗ ಪಿತ್ತ ನೆತ್ತಿಗೇರೋದು ಇಲ್ಲೇ ನೋಡ್ರಿ.

ಇದ್ದೇ ಇರ್ತಾನ ಅಂದ್ರ ಹೆಂಗ್ರಿ? ಅಂವ ಇವತ್ತಿಗೂ ಗ್ರೌಂಡಿನ್ಯಾಗ ಅದಾನ ಅನ್ನೋದೇ ದೊಡ್ಡ ಮಾತು. ಚಂಡೀಗಢದ ಹುಡುಗ, ಯುನೈಟೆಡ್ ಸಿಕ್ಕಿಂ ಅನ್ನೋ ಕ್ಲಬ್ಬಿನಿಂದ ಶುರು ಮಾಡಿ 2014ರಾಗ ಕೇರಳ ಬ್ಲಾಸ್ಟರ್ಸ್‌ಗೆ ಬಂದಾ, ಮೊದಲನೇ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನ್ಯಾಗ ಎಮರ್ಜಿಂಗ್ ಪ್ಲೇಯರ್ ಪ್ರಶಸ್ತಿ ತಗೊಂಡಾ, ಮರುವರ್ಷ ಇಂಡಿಯಾ ಟೀಮಿಗೆ ಬಂದಾ. 2019ರ ಸಪ್ಟೆಂಬರ್‌ನ್ಯಾಗ ದೋಹಾದೊಳಗ ಕತಾರ್ ಎದುರು ವರ್ಲ್ಡ್‌ಕಪ್ ಕ್ವಾಲಿಫೈಯರ್, ಆ ವರ್ಷದ ಏಷ್ಯಾ ಚಾಂಪಿಯನ್ ಕತಾರ್, ನಮ್ಮ ಕಡೆ ಕ್ಯಾಪ್ಟನ್ ಸುನಿಲ್ ಛೆಟ್ರಿ ಜ್ವರ ಬಂದು ಹೊರಗ. ಎಲ್ರೂ ನಾಕೋ ಐದೋ ತಿಂದು ಬರ್ತಾರ ಅಂದ್ಕೊಂಡಿದ್ವಿ, 0-0 ಆತು. ಗುರ್‌ಪ್ರೀತ್ ಗೋಲಿನ್ಯಾಗ ದೇವರಾಗಿದ್ದಾ ಖರೆ, ಆದ್ರ ಅಂವನ ಮುಂದ ಝಿಂಗನ್ನು ಆದಿಲ್ ಖಾನ್ನು ಇಬ್ಬರೂ ತಲಿ, ಕಾಲು, ಎದಿ ಏನ್ ಸಿಗ್ತೋ ಅದನ್ನ ಬಾಲಿಗೆ ಅಡ್ಡ ಕೊಡಾಕತ್ತಿದ್ರು. ಮುಂದಿನ ತಿಂಗಳೇ ಅಂವನ ಮೊಣಕಾಲಿನ ಎಸಿಎಲ್ ಅನ್ನೋ ಲಿಗಮೆಂಟ್ ಹರೀತು. ಇಡೀ ಸೀಸನ್ ಹೋತು.

ಆಮ್ಯಾಲ ಕೋಲ್ಕತ್ತಾದ ಕ್ಲಬ್, ಅಲ್ಲಿಂದ 2021ರಾಗ ಕ್ರೊಯೇಷಿಯಾದ ಶಿಬೆನಿಕ್ ಕ್ಲಬ್. ಇಂಡಿಯಾದ ಡಿಫೆಂಡರ್‌ನ್ನ ಯುರೋಪಿನವ್ರು ಕರದಾರ ಅಂತ ನಾವಂತೂ ಹಬ್ಬ ಮಾಡಿದ್ವಿ, ಅಲ್ಲಿ ಹೋದ ಸ್ವಲ್ಪ ದಿನಕ್ಕ ಮತ್ತ ಇಂಜುರಿ, ಒಂದ್ ಮ್ಯಾಚೂ ಆಡದ ವಾಪಸ್ ಬಂದಾ. ಬೆಂಗಳೂರಿನ್ಯಾಗ ಒಂದ್ ಸೀಸನ್, 2023ಕ್ಕ ಗೋವಾ, 2024ರ ಜನವರ್ಯಾಗ ಏಷ್ಯನ್ ಕಪ್ಪಿನ ಸಿರಿಯಾ ಮ್ಯಾಚಿನ್ಯಾಗ ಮೊಣಕಾಲು ಮತ್ತ ಕೈಕೊಡ್ತು. ಆದ್ರೂ ತಿರುಗಿ ಬಂದು ಗೋವಾ ಜೆರ್ಸಿ ಹಾಕ್ಕೊಂಡು ಇಳದಾನ.

ಡಿಫೆಂಡರ್ ಮೊಣಕಾಲಿಗೆ ಒಂದ್ ಕಷ್ಟ ಐತಿ, ಅದು ಟಿವ್ಯಾಗ ಕಾಣಂಗಿಲ್ಲ. ಫಾರ್ವರ್ಡ್‌ಗೆ ತಾ ಯಾವ ಕಡೆ ತಿರುಗಾಂವ ಅಂತ ಮೊದಲೇ ಗೊತ್ತಿರ್ತೈತಿ. ಡಿಫೆಂಡರ್‌ಗೆ ಗೊತ್ತಿರಂಗಿಲ್ಲ, ಹಿಂದ ಹಿಂದ ಓಡ್ಕೋತ, ಎದುರಿನವ ತಿರುಗಿದ ಮ್ಯಾಲ ತಾ ತಿರುಗಬೇಕು, ಕಾಲು ನೆಲದಾಗ ಊರಿದ್ದಾಗ್ಲೇ ಮೈ ಇನ್ನೊಂದ್ ದಿಕ್ಕಿಗೆ ಹೋಗ್ತೈತಿ.

ಹೆಸರಿನ ವಿಷಯಕ್ಕ ಬರೋಣ. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನ್ಯಾಗ ನಾವು ಫುಟ್‌ಬಾಲ್ ಚಿನ್ನ ಗೆದ್ದದ್ದು ಗೊತ್ತಲ್ಲ, ಫೈನಲ್‌ನ್ಯಾಗ ದಕ್ಷಿಣ ಕೊರಿಯಾನ 2-1 ಹೊಡದ್ವಿ. ಅದರಾಗ ಒಂದ್ ಗೋಲ್ ಪಿ.ಕೆ. ಬ್ಯಾನರ್ಜಿದು, ಇನ್ನೊಂದು ಜರ್ನೈಲ್ ಸಿಂಗ್‌ದು. ಜರ್ನೈಲ್ ಮೂಲದಾಗ ಡಿಫೆಂಡರ್ರಿ! ಅದೇ ಟೂರ್ನಿಯಾಗ ತಲಿ ಒಡದು ಹೊಲಿಗೆ ಬಿದ್ದಿತ್ತು, ಕೋಚ್ ರಹೀಮ್ ಸಾಹೇಬ್ರು ಅಂವನ್ನ ಮುಂದ ಆಡಿಸಿದ್ರು, ತಲಿಗೆ ಪಟ್ಟಿ ಕಟ್ಕೊಂಡೇ ಗೋಲ್ ಹೊಡದಾ. ಇವತ್ತಿಗೂ ಜರ್ನೈಲ್ ಅಂದ್ರ ಜನ ಹೇಳೋದು ಆ ಗೋಲಿನ ಕಥೀನೇ, ಹಿಂದ ನಿಂತು ಎಷ್ಟು ತಡದಾ ಅನ್ನೋದನ್ನ ಯಾರೂ ಎತ್ತಂಗಿಲ್ಲ.

ಡಿಫೆಂಡರ್ ರಾಹುಲ್ ಭೇಕೆದೂ ಹಂಗೇ. 2019ರ ಐಎಸ್‌ಎಲ್ ಫೈನಲ್, ನಮ್ಮ ಬೆಂಗಳೂರು ಎಫ್‌ಸಿ ಎದುರು ಗೋವಾ, ಎಕ್ಸ್‌ಟ್ರಾ ಟೈಮ್ ಮುಗಿಯೋಕೆ ಬಂದಾಗ ಕಾರ್ನರಿಗೆ ಭೇಕೆ ಹೆಡ್ಡರ್, 1-0, ಕಪ್ ನಮ್ದು. (ಗೋವಾ ಫ್ಯಾನ್ ದೋಸ್ತ್ರು ಇಲ್ಲಿ ಬಯ್ಯಬ್ಯಾಡ್ರಪಾ, ಆವತ್ತು ನಾವು ಆ ಕಡೆ ಇದ್ವಿ.) ಆ ಹೆಡ್ಡರ್ ವಿಡಿಯೋ ಎಲ್ಲರ ಮೊಬೈಲ್‌ನ್ಯಾಗೂ ತಿರುಗಿತು. ಆದ್ರ ಆ ಸೀಸನ್ನಿನ ಟಾಪ್ ಸ್ಕೋರರ್, ಗೋವಾದ ಕೋರೊ ಎದುರಿಗೆ ಇದ್ದಾ, ಅಂವನಂಥಾವನಿಗೆ ಇಡೀ ಮ್ಯಾಚ್ ಒಂದೂ ಗೋಲ್ ಸಿಗಲಿಲ್ಲಲ್ಲ, ಆ ಎರಡ್ ತಾಸಿನ ವಿಡಿಯೋ ಯಾರಾದ್ರೂ ಕಳಿಸ್ಯಾರೇನು?

ಹೊರಗಿನ ದೇಶದ್ದೂ ಇದೇ ಹಣೆಬರ. ವರ್ಷದ ಬೆಸ್ಟ್ ಫುಟ್‌ಬಾಲ್ ಆಟಗಾರಗ ಕೊಡೋ ಬ್ಯಾಲನ್ ಡಿ’ಓರ್ ಪ್ರಶಸ್ತಿ 1956ರಿಂದ ಐತಿ, ಡಿಫೆನ್ಸಿನ್ಯಾಗಿಂದ ಗೆದ್ದಾವ್ರು ಬೆಕೆನ್‌ಬಾವರ್, ಸಾಮರ್, ಕ್ಯಾನವಾರೊ, ಮೂರೇ ಮಂದಿ. 2006ರ ಆಮ್ಯಾಲ ಒಬ್ಬನೂ ಇಲ್ಲ. 2019ರಾಗ ವ್ಯಾನ್ ಡೈಕ್ ಲಿವರ್‌ಪೂಲಿಗೆ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟು ಮೆಸ್ಸಿ ಹಿಂದ ಬರೇ 7 ಪಾಯಿಂಟಿಗೆ ನಿಂತಾ. ಇಟಲಿಯ ಡಿಫೆಂಡರ್ ಮಾಲ್ದಿನಿ ಅಂತೂ ಮಿಲಾನ್ ಕ್ಲಬ್ಬಿಗೆ 902 ಮ್ಯಾಚ್ ಆಡ್ಯಾನ, ಐದು ಯುರೋಪಿಯನ್ ಕಪ್ ಎತ್ಯಾನ, ಆ ಪ್ರಶಸ್ತಿ ಮಾತ್ರ ಬರಲೇ ಇಲ್ಲ. 1985ರಾಗ ಹದಿನಾರರ ಹುಡುಗ, 2009ರಾಗ ಬೂಟ್ ಬಿಚ್ಚಿದಾಗ ನಲವತ್ತು ದಾಟಿತ್ತು. ಅಷ್ಟು ವರ್ಷ ಹೆಂಗ ಆಡಿದಾ? ಕಾಲಿನ ಸ್ಪೀಡು ಕಡಿಮಿ ಆದ್ರೂ ತಲಿ ಸ್ಪೀಡು ಹೆಚ್ಚಾಗ್ತೈತಿ, ಪಾಸ್ ಎಲ್ಲಿಗೆ ಬರ್ತೈತಿ ಅಂತ ಎರಡ್ ಹೆಜ್ಜಿ ಮೊದಲೇ ಗೊತ್ತಾದ್ರ ಓಡೋ ಪ್ರಶ್ನೇನೇ ಬರಂಗಿಲ್ಲ.

ಇದನ್ನ ನಾ ನಮ್ಮ ಬೆಳಗಾವಿ ಕ್ಯಾಂಪ್ ಏರಿಯಾ ಕಡೆ ಒಂದ್ ರವಿವಾರದ ಮ್ಯಾಚಿನ್ಯಾಗ ಕಣ್ಣಾರೆ ನೋಡೀನಿ. ಲೆಫ್ಟ್ ಬ್ಯಾಕ್ ಆಡಾವ್ನಿಗೆ ಹೊಟ್ಟಿ ಬಂದಿತ್ತು, ತಲಿ ಬೆಳ್ಳಗಾಗಿತ್ತು, ಎದುರಿನ ವಿಂಗರ್ ಕಾಲೇಜ್ ಹುಡುಗ, ಕಿತ್ತಳಿ ಬಣ್ಣದ ಬೂಟು, ಬಾಲ್ ಹಿಡದ್ರ ಚಿರತಿ. ಈ ಅಣ್ಣ ಒಂದ್ ಸಲಾನೂ ಕಾಲು ಚಾಚಲಿಲ್ಲರಿ. ಮೈ ಅರ್ಧ ಓರಿ ಮಾಡಿ ಎರಡ್ ಮಾರು ದೂರ ನಿಂತು, ಒಳಗಿನ ದಾರಿ ಮುಚ್ಚಿ ಲೈನ್ ಕಡೆ ದಾರಿ ಬಿಟ್ಟು, ಹಿಂದ ಹಿಂದ ಸರ್ಕೋತ ಹೋದಾ. ಹುಡುಗ ಆ ಕಡೆ ತೋರ್ಸಿದಾ ಈ ಕಡೆ ತೋರ್ಸಿದಾ, ಕಡೀಕ ಜಾಗಾನೇ ಸಿಗದ ತಾನೇ ಬಾಲ್ ಲೈನ್ ದಾಟಿಸಿ ಬಿಟ್ಟಾ. ಮಂದಿ ಎಲ್ಲಾ ‘ಏನ್ ಹುಡುಗೋ ಇಂವಾ, ಸಾದಾ ಬಾಲ್ ಹೊರಗ ಹಾಕಿದಾ’ ಅಂತ ವಿಂಗರಿಗೆ ಬೈದ್ರು. ಅಣ್ಣಗ ಒಂದ್ ಚಪ್ಪಾಳಿ ಇಲ್ಲ. ಹೊಲದ ಒಡ್ಡು ಇದ್ಹಂಗರಿ, ಮಳಿ ನೀರು ನಿಂತಷ್ಟು ದಿನ ಅದರ ಕಡೆ ನೋಡಾವ್ರಿಲ್ಲ, ಒಡದ ದಿನ ಊರೆಲ್ಲಾ ಬಂದು ಬೈತೈತಿ.

ಬೈಯೋದು ಎಲ್ಲಿತನಾ ಹೋಗ್ತೈತಿ ಅಂದ್ರ, ಕೊಲಂಬಿಯಾದ ಡಿಫೆಂಡರ್ ಆಂದ್ರೆಸ್ ಎಸ್ಕೋಬಾರ್ 1994ರ ವರ್ಲ್ಡ್‌ಕಪ್‌ನ್ಯಾಗ ಅಮೆರಿಕಾ ಎದುರು ಒಂದ್ ಕ್ರಾಸ್ ತಡಿಯೋಕೆ ಹೋಗಿ ಸೆಲ್ಫ್ ಗೋಲ್ ಆತು, ಹತ್ತು ದಿನದಾಗ ಮೆಡೆಲಿನ್‌ನ್ಯಾಗ ಗುಂಡು ಹೊಡದು ಕೊಂದ್ರು. ಅದರ ಬಗ್ಗೆ ಇನ್ನ ಬರಿಯೋಕೆ ಮನಸ್ಸು ಬರವಲ್ದು.

ನಮ್ಮ ಊರಾಗ ಆಗೋದು ಬ್ಯಾರೆ. ನಮ್ಮ ಅಕ್ಕನ ಮಗ ಶಾಲಿ ಟೀಮಿನ್ಯಾಗ ಸ್ಟಾಪರ್ (ಹಿಂದ ನಡುವ ನಿಲ್ಲೋ ಡಿಫೆಂಡರ್) ಆಡ್ತಾನ. ‘ಮಾಮಾ, ನೀ ಸರ್‌ಗೆ ಹೇಳಿ ನನ್ನ ಮುಂದ ಹಾಕಸು, ಹಿಂದ ನಿಂತ್ರ ಪೇಪರ್‌ನ್ಯಾಗ ಹೆಸರ ಬರಂಗಿಲ್ಲ’ ಅಂದಾ. ಹುಡುಗ ಹೇಳೋದು ತಪ್ಪೇನಲ್ಲ, ಬರಂಗಿಲ್ಲ. ಎತ್ತರ ಇದ್ದಾವ್ನ, ದಪ್ಪ ಇದ್ದಾವ್ನ, ಡ್ರಿಬಲ್ ಬರದಾವ್ನ ಹಿಂದ ನಿಲ್ಲಸೋದು, ಆಮ್ಯಾಲ ಗೋಲ್ ಆದ್ರ ಅವ್ನಿಗೇ ಒದರೋದು, ಇದೇ ಅಲ್ಲೇನ್ರಿ ನಮ್ಮ ಕೋಚಿಂಗ್? ಓರಿ ನಿಲ್ಲೋದು, ಲೈನ್ ಹಿಡಿಯೋದು, ಪಕ್ಕದಾವ್ನಿಗೆ ಕೂಗಿ ಹೇಳೋದು ಇವನ್ನೆಲ್ಲಾ ಕೂತು ಕಲಿಸಿದ್ರ ಇದೇ ಹುಡುಗ ಮೂವತ್ತೈದರ ತನಾ ಆಡ್ತಾನ.

ಟೂರ್ನಮೆಂಟ್ ಮಾಡೋ ಕಮಿಟಿ ಅಣ್ಣಂದಿರು ಯಾರಾದ್ರೂ ಇದನ್ನ ಓದಾಕತ್ತಿದ್ರ ಒಂದ್ ಮಾತು. ಟಾಪ್ ಸ್ಕೋರರ್‌ಗೆ ಸೈಕಲ್ ಕೊಟ್ಟು ಬೆಸ್ಟ್ ಡಿಫೆಂಡರ್‌ಗೆ ಪ್ಲಾಸ್ಟಿಕ್ ಕಪ್ ಹಿಡಸೋದು ಬಿಡ್ರಿ, ಇಬ್ಬರಿಗೂ ಸರಿಸಮ ರೊಕ್ಕ ಇಡ್ರಿ. ಸ್ಪಾನ್ಸರ್ ಸಿಗಲಿಲ್ಲ ಅಂದ್ರ ಪಟ್ಟಿ ಹಾಕೂಣು, ಮೊದಲನೇ ಹೆಸರು ನಂದೇ ಬರ್ಕೋರಿ.